ಗೋಣಿಚೀಲದ ಗುರುತು

ಯಂತ್ರದ ತೋಳು ತಾಯಮ್ಮನ ಬಸ್ಸಿನ ಮೈಮೇಲೆ ಮೆಲ್ಲಗೆ ಸರಿಯುತ್ತಿತ್ತು. ಸರಿದ ಕಡೆಯೆಲ್ಲ ನೀಲಿ ಎದ್ದು ಬರುತ್ತಿತ್ತು. ಎಂಥ ನೀಲಿ! ಆ ಬಸ್ಸಿಗೆ ಒಂದು ಕಾಲದಲ್ಲಿ ಬಣ್ಣವಿತ್ತು ಎಂಬುದನ್ನೇ ಜನ ಮರೆತಿದ್ದರು. ಹನ್ನೊಂದು ವರ್ಷದ ಬಿಸಿಲು ಅದನ್ನು ಬೂದಿಗುಡ್ಡೆಯಲ್ಲಿ ಹೊರಳಾಡಿ ಬಂದ ಎಮ್ಮೆಯ ಹಾಗೆ ಮಾಡಿಟ್ಟಿತ್ತು. ಗೋಡೆಯ ನಡುವೆ ಗೋಣಿಚೀಲದಷ್ಟಗಲ ಒಂದು ಚೌಕದಲ್ಲಿ ಮಾತ್ರ ಹಳೆಯ ನೀಲಿ ಉಳಿದುಕೊಂಡಿತ್ತು. ತೋಳು ಅದರ ಮೇಲೂ ಹಾಯಿತು. ಸುತ್ತಲಿನ ನೀಲಿ ಅದಕ್ಕೆ ಸಮನಾಗಿ, ಚೌಕ ಎಲ್ಲಿತ್ತೆಂದು ಹುಡುಕಿದರೂ ಸಿಗದ ಹಾಗಾಯಿತು.

"ಡಾಕ್ಟ್ರವ್ವಾ," ಎಂದಳು ಹುಲಿಗೆಮ್ಮ, ಸೊಂಟದ ಮೇಲೆ ಕೈಯಿಟ್ಟು. "ನಾನೂ ಹಿಂಗ ಅದರ ಮುಂದ ಹೋಗಿ ನಿಂತ್ರ ನನ್ನ ಕೂದ್ಲಾನೂ ಕರ್ರಗಾಗ್ತಾವೇನು?"

"ಕೂದ್ಲಾ ಹೋಗ್ತಾವ ಅಮ್ಮಾ, ತ್ವಗಲು ಸಮೇತ," ಎಂದಳು ಫರ್ಹಾನಾ, ಯಂತ್ರದಿಂದ ಕಣ್ಣು ಕೀಳದೆ.

"ಹೋದ್ರ ಹೋಗ್ಲಿ ಬಿಡು. ಇದ್ದು ಯಾರಿಗೆ ತುರುಬು ಕಟ್ಟಿ ತೋರಿಸ್ಬೇಕಾಗೇತಿ!"

ನೆರಳಲ್ಲಿ ಕುಳಿತಿದ್ದ ಹೆಂಗಸರು ನಕ್ಕರು. ಹುಲಿಗೆಮ್ಮ ಬಾಯಿ ತೆಗೆದರೆ ನಗದೆ ಇರುವವರು ಆ ಸಾಲಿನಲ್ಲಿ ಇರಲಿಲ್ಲ. ಅವಳಿಗೆ ಎಪ್ಪತ್ತರ ಹತ್ತಿರ ವಯಸ್ಸು. ಗಂಡ ಯಂಕೋಬ ಸತ್ತು ಮೂರು ವರ್ಷ. ನಾಲಿಗೆಗೆ ಮಾತ್ರ ಇನ್ನೂ ಹದಿನಾರು.

ಅದು ಎರಡು ಸಾವಿರದ ಅರವತ್ತೆಂಟನೆಯ ಇಸವಿ. ರಾಯಚೂರು ಸೀಮೆಯ ಆ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರ ಸೌರಫಲಕಗಳು, ಬಿಸಿಲನ್ನು ಕುಡಿದು ವಿದ್ಯುತ್ತು ಕೊಡುವ ಗಾಜಿನ ಹಾಸುಗಳು. ಫಲಕದ ಮೇಲೆ ನೆರಳು ಬೀಳಬಾರದೆಂದು ಹರದಾರಿ ದೂರದವರೆಗೆ ಒಂದು ಬೇವಿನ ಗಿಡವನ್ನೂ ಉಳಿಸಿರಲಿಲ್ಲ. ಫಲಕಗಳ ಧೂಳು ಒರೆಸಲು ಬಂದ ಹನ್ನೆರಡು ಮನೆತನಗಳು ಮನೆಬಸ್ಸುಗಳಲ್ಲಿ ಬದುಕುತ್ತಿದ್ದವು. ಮನೆಬಸ್ಸು ಎಂದರೆ ಗುಜರಿಗೆ ಹೋಗಬೇಕಿದ್ದ ಹಳೆಯ ಬಸ್ಸು. ಸೀಟು ಕಿತ್ತು, ಒಲೆ ಹೂಡಿ, ಮಂಚ ಹಾಕಿದರೆ ಮನೆ. ಕಂಪನಿ ತೋರಿಸಿದ ಕಡೆಗೆ ಟ್ರ್ಯಾಕ್ಟರ್ ಎಳೆದುಕೊಂಡು ಹೋಗುತ್ತಿತ್ತು. ಊರಿಗೆಲ್ಲ ಬೆಳಕು ಅಲ್ಲಿಂದಲೇ ಹೋಗುತ್ತಿದ್ದರೂ ಬಸ್ಸಿಗೆ ಸಿಗುತ್ತಿದ್ದದ್ದು ಒಂದು ಫ್ಯಾನು ತಿರುಗುವಷ್ಟು ಮಾತ್ರ.

ಫರ್ಹಾನಾ ರಾಯಚೂರಿನವಳೇ. ಬಣ್ಣದ ರಸಾಯನ ಓದಿ ವಿಜ್ಞಾನಿಯಾದವಳು. ಅವಳು ಕಂಡುಹಿಡಿದ ಯಂತ್ರ ಬಣ್ಣ ಬಳಿಯುತ್ತಿರಲಿಲ್ಲ, ಮಾಸಿದ್ದನ್ನು ಮರಳಿಸುತ್ತಿತ್ತು. ಬಣ್ಣ ಎಂದರೆ ತಗಡಿನ ಮೇಲೆ ಅಂಟಿನಲ್ಲಿ ಸಿಕ್ಕಿಕೊಂಡ ಸಣ್ಣ ಕಣಗಳು. ಕಣ್ಣಿಗೆ ಕಾಣದೆ ಚರ್ಮ ಸುಡುವ ನೇರಳಾತೀತ ಕಿರಣ ಆ ಕಣಗಳೊಳಗಿನ ಬೆಸುಗೆಯನ್ನು ಕಡಿಯುತ್ತದೆ. ಆಗ ಬಣ್ಣ ಮಾಸುತ್ತದೆ. ಯಂತ್ರ ಕಡಿದದ್ದನ್ನು ಮತ್ತೆ ಬೆಸೆಯುತ್ತದೆ. ಅದಕ್ಕೆ ಮೊದಲು ಎಳ್ಳುಕಾಳಿನಷ್ಟು ಜಾಗದ ಮೇಲೂ ಎಷ್ಟು ಬಿಸಿಲು, ಯಾವಾಗ ಬಿದ್ದಿತ್ತು ಎಂದು ಓದಿಕೊಳ್ಳುತ್ತದೆ. ಮುಂದಿನ ಬಸ್ಸಿನ ಬಣ್ಣ ಮರಳಿಸತೊಡಗಿದರೆ ಹಿಂದೆ ಓದಿದ್ದು ಅಳಿಸಿಹೋಗುತ್ತದೆ. ಓದಿದ್ದನ್ನು ಉಳಿಸಿಕೊಳ್ಳಬೇಡಿ ಎಂದು ಕಂಪನಿಯ ಕಟ್ಟಪ್ಪಣೆ. ನೋಡಲು ಬರುವ ದೊಡ್ಡವರ ಕಣ್ಣಿಗೆ ಬಸ್ಸುಗಳು ಚೆಂದ ಕಂಡರೆ ಅವರಿಗೆ ಸಾಕಿತ್ತು.

ಮೊದಲು ಯಾರ ಬಸ್ಸು ಎಂದಾಗ ಎಲ್ಲರೂ ಹುಲಿಗೆಮ್ಮನ ಕಡೆ ನೋಡಿದ್ದರು. ಅವಳು ಕೈ ಆಡಿಸಿ, "ಪಾಪ, ತಾಯಮ್ಮಂದು ಮೊದ್ಲ ಮಾಡ್ರಿ. ಗಂಡ್ನ ಕಳಕೊಂಡಾಕಿ, ಒಂದೀಟು ಬಣ್ಣರ ನೋಡ್ಲಿ," ಎಂದಿದ್ದಳು. ಆ ಮಾತಿಗೆ ತಾಯಮ್ಮನ ಕಣ್ಣು ತುಂಬಿ ಬಂದಿತ್ತು.

ಸಾಲಿನಲ್ಲಿ ಹುಲಿಗೆಮ್ಮನಿಗೆ ಆ ಮರ್ಯಾದೆ ಬಂದದ್ದು ಗಂಡನಿಂದ. ಹನ್ನೆರಡು ಬಸ್ಸುಗಳು ಒಂದರ ಪಕ್ಕ ಒಂದು ನಿಲ್ಲುತ್ತಿದ್ದವು. ಪಡುವಣ ತುದಿಯ ಬಸ್ಸು ಮಧ್ಯಾಹ್ನದ ಬಿಸಿಲನ್ನೆಲ್ಲ ಎದೆ ಕೊಟ್ಟು ತಡೆಯಬೇಕು. ಅದರ ನೆರಳು ಪಕ್ಕದ್ದಕ್ಕೆ, ಪಕ್ಕದ್ದರ ನೆರಳು ಅದರ ಪಕ್ಕದ್ದಕ್ಕೆ. ಪಡುವಣಕ್ಕೆ ಯಾರು ಎಂದು ತೀರ್ಮಾನಿಸಲು ಒಂದು ಕಟ್ಟಲೆ ಇತ್ತು. ಮನೆಗೊಂದು ಕಲ್ಲು, ಹನ್ನೆರಡು ಕಲ್ಲು, ಒಂದು ಕೌದಿ ಬಟ್ಟೆಯ ಚೀಲ. ಪ್ರತಿ ಸೋಮವಾರ ಯಂಕೋಬ ಚೀಲದೊಳಗೆ ಕೈ ಹಾಕಿ, ಮುಖ ಆಕಾಶಕ್ಕೆ ಮಾಡಿ, ಒಂದು ಕಲ್ಲು ತೆಗೆಯುತ್ತಿದ್ದ. ಯಾರ ಕಲ್ಲೋ ಅವರ ಬಸ್ಸು ಆ ವಾರ ಪಡುವಣಕ್ಕೆ, ಉಳಿದವು ಒಂದೊಂದು ಜಾಗ ಮೂಡಣಕ್ಕೆ. ಮುಂದಿನ ಸೋಮವಾರ ಹನ್ನೆರಡೂ ಮತ್ತೆ ಚೀಲಕ್ಕೆ. "ಮನಸ್ಯಾಗ ತಮ್ಮಾರು ಬ್ಯಾರೇದಾರು ಇರ್ತಾರ. ಕಲ್ಲಿಗೇನು ಗೊತ್ತು?" ಎನ್ನುತ್ತಿದ್ದ. ಅವನ ಕೈಯನ್ನು ಯಾರೂ ಒಂದು ದಿನವೂ ಅನುಮಾನಿಸಿರಲಿಲ್ಲ. ಅವನು ಹೋದ ಮೇಲೆ ಚೀಲ ಹುಲಿಗೆಮ್ಮನ ಕೈಗೆ ಬಂತು.

ತಾಯಮ್ಮನ ಗಂಡ ಮಾನಪ್ಪನ ಕಲ್ಲು ಬಹಳ ಸಲ ಬರುತ್ತಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಅವನ ಹಣೆಯಲ್ಲೇ ಬಿಸಿಲು ಬರೆದಿದೆ ಎನ್ನುತ್ತಿದ್ದರು. ಮಾನಪ್ಪನೂ ನಗುತ್ತಿದ್ದ: "ಸೂರ್ಯಪ್ಪ ನಮ್ಮ ಬೀಗ. ನಮ್ಮನ್ಯಾಗ ಊಟ ಮಾಡ್ದ ಹೋಗಂಗಿಲ್ಲ." ನಾಲ್ಕು ವರ್ಷದ ಹಿಂದೆ, ಒಂದು ಮೇ ತಿಂಗಳ ಮಧ್ಯಾಹ್ನ, ಪಡುವಣ ತುದಿಯ ಆ ಬಸ್ಸಿನೊಳಗೆ ಬೀಗನ ಕೈಯಲ್ಲೇ ಸತ್ತ. ತಾಯಮ್ಮ ನೀರು ತರಲು ಹೋಗಿದ್ದಳು. ಬಂದಾಗ ಅವನು ಗೋಡೆಗೆ ತಲೆ ಆನಿಸಿ ಕುಳಿತಿದ್ದ. ಮೈಯಲ್ಲಿ ಬೆವರು ಕೂಡ ಇರಲಿಲ್ಲ.

*

ಹುಲಿಗೆಮ್ಮನ ಬಸ್ಸು ಒಂದು ಕಾಲಕ್ಕೆ ಹಸಿರು. ಈಗ ಒಣಗಿದ ಲದ್ದಿಯ ಬಣ್ಣ. ಅವಳಿಗೆ ಅದೇ ಹೆಮ್ಮೆ. ಮಾಸಿದ ಗೋಡೆಯನ್ನು ತಟ್ಟಿ ತೋರಿಸಿ, ತನ್ನ ಗಂಡ ಬೇರೆಯವರ ಪಾಲಿನ ಬಿಸಿಲನ್ನೂ ತಾನೇ ತಿಂದ ಕತೆ ಹೇಳುತ್ತಿದ್ದಳು. ಯಂಕೋಬ ಇದ್ದಾಗ ಆ ಕತೆಯಲ್ಲಿ ಮೂರು ವಾರ ಇದ್ದವು. ಅವನು ಸತ್ತ ವರ್ಷ ಅವು ಮೂರು ತಿಂಗಳಾದವು. ಈಗ ವರ್ಷಗಳಲ್ಲಿ ನಡೆಯುತ್ತಿದ್ದವು.

ಫರ್ಹಾನಾ ಆ ಗೋಡೆಯನ್ನು ಓದಿಸುವ ಹೊತ್ತಿಗೆ ಹನ್ನೆರಡು ಗಂಟೆ. ಹೆಂಗಸರೆಲ್ಲ ಒಳಗೆ ಸೇರಿದ್ದರು.

"ಚೆಂದಾಗಿ ಓದ್ಸವ್ವ. ಏಳು ಲೋಕದ ಬಿಸ್ಲು ಐತಿ ಅದರಾಗ. ನಿನ್ನ ಮಿಷನ್ನು ಎಲ್ಲ್ಯಾರ ಓದ್ತಾ ಓದ್ತಾ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೀತು, ಹುಷಾರು."

ಫರ್ಹಾನಾ ಪರದೆಯನ್ನು ಎರಡು ಸಲ ನೋಡಿದಳು. ಬಸ್ಸಿನ ಇನ್ನೊಂದು ಮಗ್ಗುಲಿಗೆ ಹೋಗಿ ಅದನ್ನೂ ಓದಿಸಿದಳು.

"ಅಮ್ಮಾ, ನಿಮ್ಮ ಮನಿಯವ್ರು ಎಷ್ಟು ವಾರ ಪಡುವಣದಾಗ ನಿಂತಿದ್ರು ಅಂದ್ರಿ?"

"ಎಷ್ಟಂತ ಎಣಸ್ಲಿ? ವರ್ಸಕ್ಕ ಹತ್ತು ತಿಂಗ್ಳು ಅಲ್ಲೇ. ಉಳಿದೆರಡು ತಿಂಗ್ಳು ಮಳಿ."

"ಇದು ಮುಂಜಾನಿ ಬಿಸ್ಲು ಅಮ್ಮಾ."

"ಬಿಸ್ಲು ಅಂದ್ರ ಬಿಸ್ಲು. ಅದಕ್ಕ ಜಾತಿ ಐತೇನು?"

"ಐತ್ರಿ," ಎಂದು ಫರ್ಹಾನಾ ಗೋಡೆಯ ಮೇಲೆ ಬೆರಳಿಟ್ಟಳು. ಮುಂಜಾನೆಯ ಬಿಸಿಲು ಬಣ್ಣದ ಕಣವನ್ನಷ್ಟೇ ಕಡಿಯುತ್ತದೆ. ಮಧ್ಯಾಹ್ನದ್ದು ಹಾಗಲ್ಲ, ತಗಡು ಕಾದು, ಬಣ್ಣವನ್ನು ಹಿಡಿದಿರುವ ಅಂಟೂ ಬೆಂದು ಸೀಳುತ್ತದೆ. ಆ ಸೀಳುಗಳು ಮರದ ಕಾಂಡದ ಬಳೆಗಳಂತೆ ಒಂದರ ಮೇಲೊಂದು ಕೂರುತ್ತವೆ. ವಾರಗಳನ್ನು ಹೆಚ್ಚುಕಡಿಮೆ ಎಣಿಸಬಹುದು. ಬರಿಗಣ್ಣಿಗೆ ಎರಡೂ ಒಂದೇ ಮಾಸಲು. "ಈ ಬಸ್ಸು ಬಾಳ ದಿನ ನಿಂತಿದ್ದು ಮೂಡಣ ತುದಿಗೆ. ಮುಂಜಾನಿ ಎಳಿಬಿಸ್ಲು, ಮಧ್ಯಾಹ್ನ ಹನ್ನೊಂದು ಬಸ್ಸಿನ ನೆರಳು. ಪಡುವಣದಾಗ ನಿಂತಿದ್ದು ಒಂಬತ್ತು ವಾರ."

"ವರ್ಸಕ್ಕ?"

"ಹನ್ನೊಂದು ವರ್ಸಕ್ಕ."

ಹುಲಿಗೆಮ್ಮ ನಕ್ಕಳು. ಒಬ್ಬಳೇ ನಕ್ಕಳು. "ನಿನ್ನ ಮಿಷನ್ನಿಗೆ ಹೊಟ್ಟಿ ಹಸದೈತಿ ತಗಿ. ತಾಯಮ್ಮಂದು ಎಷ್ಟು ತೋರಸ್ತೈತಿ?"

ಫರ್ಹಾನಾ ತಡೆದು ತಡೆದು ಹೇಳಿದಳು. "ನೂರಾ ಎಂಬತ್ತು ವಾರ. ಎಲ್ಲಾರೂ ಸಮ ನಿಂತಿದ್ರ ಒಬ್ಬೊಬ್ರಿಗೆ ನಲ್ವತ್ತೆಂಟು ಬರ್ಬೇಕಿತ್ತು. ಗೋಡಿ ಎಪ್ಪತ್ನಾಲ್ಕು ಡಿಗ್ರಿತನಕ ಕಾದೈತಿ ಅಮ್ಮಾ. ಕೈ ಇಟ್ರ ಬೊಬ್ಬಿ ಏಳ್ತಾವ."

ಹುಲಿಗೆಮ್ಮನಿಗೆ ತಾನು ಆಡುತ್ತಿದ್ದ ಒಂದು ಮಾತು ನೆನಪಾಯಿತು. ಪ್ರತಿ ಬೇಸಿಗೆಯಲ್ಲಿ ಹೆಂಗಸರ ನಡುವೆ ಕುಳಿತು, "ತಾಯಮ್ಮನ ಬಸ್ಸಿನ ಮೈಮ್ಯಾಲ ರೊಟ್ಟಿ ಬಡೀರೇ, ಒಲಿ ಹಚ್ಚಾದು ತಪ್ತೈತಿ" ಎನ್ನುತ್ತಿದ್ದಳು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ತಾಯಮ್ಮನೂ ನಗುತ್ತಿದ್ದಳು. ಹುಲಿಗೆಮ್ಮ ಜೀವಮಾನದಲ್ಲಿ ಆಡಿದ ಸಾವಿರ ಉಬ್ಬಿಸಿದ ಮಾತುಗಳಲ್ಲಿ ಉಬ್ಬಿಸದೆ ಆಡಿದ್ದು ಅದೊಂದೇ ಆಗಿತ್ತು.

"ಮಿಷನ್ನು ತಣ್ಣಗಾಗಾಕ ನಾಲ್ಕು ಗಂಟಿ ಆಗ್ತೈತಿ," ಎಂದಳು ಫರ್ಹಾನಾ. "ಆಮ್ಯಾಲ ನಿಮ್ಮದಕ್ಕ ಬಣ್ಣ ಬರಸ್ತೀನಿ. ಬರಿಸಿದ್ರ ಇಲ್ಲಿ ಓದಿದ್ದು ಎರಡೂ ಅಳಸಿ ಹೋಗ್ತಾವ. ಬಸ್ಸಿನ ಒಡತಿ ಬ್ಯಾಡ ಅಂದ್ರ ನಾ ಮುಟ್ಟಂಗಿಲ್ಲ. ನೀವ ಹೇಳ್ಬೇಕು."

*

ಬಸ್ಸಿನೊಳಗೆ ಹೋಗಿ ಹುಲಿಗೆಮ್ಮ ಮೊಳೆಗೆ ತೂಗುಹಾಕಿದ್ದ ಚೀಲ ಇಳಿಸಿಕೊಂಡು ಕುಳಿತಳು. ಗಂಡ ಮೋಸಗಾರನೆಂದು ಅವಳ ನಾಲಿಗೆ ಹೇಳಲಾರದು. ಮಿಷನ್ನು ಸುಳ್ಳು ಹೇಳುತ್ತದೆ ಎಂದು ಹೇಳಲು ಬಾಯಿ ತೆರೆದರೂ ಒಳಗೊಂದು ಮಧ್ಯಾಹ್ನ ನೆನಪಿಗೆ ಬರುತ್ತಿತ್ತು: ಅದೇ ಬಸ್ಸು, ಅದೇ ಮಂಚ, ತಣ್ಣನೆಯ ನೆರಳು, ಅವಳ ಒಳ್ಳೆಯ ನಿದ್ದೆ. ಅಂಥ ಮಧ್ಯಾಹ್ನಗಳು ಎಷ್ಟಿದ್ದವು! ಅದನ್ನು ಅವಳು ಗಂಡನ ಪುಣ್ಯ ಎಂದುಕೊಂಡಿದ್ದಳು. ಮೈಗೆ ಗೊತ್ತಿದ್ದದ್ದನ್ನು ಬಾಯಿ ಒಪ್ಪಿರಲಿಲ್ಲ.

ಮುಖ ಮೇಲೆ ಮಾಡಿ ಚೀಲಕ್ಕೆ ಕೈ ಹಾಕಿದಳು. ಒಂದು ಕಲ್ಲು ಬಂತು. ತಾಯಮ್ಮನದು. ಒಳಗೆ ಹಾಕಿ, ಕುಲುಕಿ, ಮತ್ತೆ ತೆಗೆದಳು. ಬೇರೆಯವರದು. ಮತ್ತೆ. ತಾಯಮ್ಮನದು. ಹತ್ತು ಸಲ ತೆಗೆದಳು. ನಾಲ್ಕು ಸಲ ಅದೇ. ತನ್ನದು ಒಂದು ಸಲವೂ ಇಲ್ಲ.

ಹನ್ನೆರಡನ್ನೂ ಮಡಿಲಿಗೆ ಸುರಿದುಕೊಂಡಳು. ತಾಯಮ್ಮನದು ಬೀಸುಕಲ್ಲಿನ ಚೂರು, ಮುಷ್ಟಿಗಾತ್ರ, ಮೈಯೆಲ್ಲ ಒರಟೊರಟು ಗರಗು. ಊರು ಬಿಡುವಾಗ ತವರಿನ ಬೀಸುಕಲ್ಲನ್ನು ಹೊರಲಾರದೆ ಒಂದು ತುಂಡು ಒಡೆದು ತಂದಿದ್ದಳು. ಕೈ ಹಾಕಿದವರ ಬೆರಳಿಗೆ ಮೊದಲು ತಾಕುವುದು ಅದೇ. ಹುಲಿಗೆಮ್ಮನ ಕಲ್ಲು ಕೃಷ್ಣೆಯ ದಂಡೆಯಲ್ಲಿ ಸಿಕ್ಕ ಹುಣಸೆಬೀಜದಷ್ಟು ಸಣ್ಣ, ನುಣುಪಾದ ಹರಳು. ಚೀಲದ ಮೂಲೆಯ ಹೊಲಿಗೆಯಲ್ಲಿ ಹೋಗಿ ಕೂರುತ್ತಿತ್ತು. ಅದನ್ನು ಆರಿಸಿದ್ದು ಯಂಕೋಬನಲ್ಲ. ಚೆಂದ ಐತಿ ಎಂದು ಅವಳೇ ಆರಿಸಿ ಕೊಟ್ಟಿದ್ದಳು. ಹನ್ನೊಂದು ವರ್ಷ ಹನ್ನೆರಡು ಮನೆಯವರು ಯಾರ ಕೈ ಚೀಲದೊಳಗೆ ಹೋಗುತ್ತದೆ ಎಂದು ನೋಡಿದರು. ಚೀಲದೊಳಗಿನ ಕಲ್ಲುಗಳನ್ನು ಪಕ್ಕ ಪಕ್ಕ ಇಟ್ಟು ಒಬ್ಬರೂ ನೋಡಲಿಲ್ಲ.

ಹಾಗಾದರೆ ಯಂಕೋಬನಿಗೆ ಗೊತ್ತಿರಲಿಲ್ಲ! ಅವಳ ಎದೆ ಅರೆಗಳಿಗೆ ಹಗುರಾಯಿತು.

ಅರೆಗಳಿಗೆ ಮಾತ್ರ. ಮಾನಪ್ಪ ಸತ್ತ ಮೇಲಿನ ಸೋಮವಾರಗಳು ಕಣ್ಣಿಗೆ ಬಂದವು. ಆ ಒಂದು ವರ್ಷ ಯಂಕೋಬ ಚೀಲದೊಳಗೆ ಕೈ ಹಾಕಿ ಬಹಳ ಹೊತ್ತು ನಿಲ್ಲುತ್ತಿದ್ದ. ಬೆರಳುಗಳು ಒಳಗೆ ತಡಕಾಡುತ್ತಿದ್ದುದು ಬಟ್ಟೆಯ ಮೇಲಿಂದಲೇ ಕಾಣುತ್ತಿತ್ತು. ವಯಸ್ಸಾಯಿತು, ಕೈ ನಡುಗುತ್ತದೆ ಎಂದುಕೊಂಡಿದ್ದಳು. ಆ ವರ್ಷ ತಾಯಮ್ಮನ ಕಲ್ಲು ಒಂದು ಸಲವೂ ಬರಲಿಲ್ಲ. ದೇವರು ಕಣ್ಣು ಬಿಟ್ಟ ಎಂದು ಎಲ್ಲರೂ ಅಂದರು. ದೇವರಲ್ಲ, ಬೆರಳು. ಅವನಿಗೆ ತಿಳಿದಿತ್ತು. ತಿಳಿದ ಮೇಲೆ ಕಲ್ಲು ಬದಲಿಸಲಿಲ್ಲ, ಬಾಯಿ ಬಿಡಲಿಲ್ಲ; ಆ ಗರಗು ಕಲ್ಲನ್ನು ಬೆರಳಲ್ಲಿ ದೂರ ತಳ್ಳಿ ಬೇರೆಯದನ್ನು ತೆಗೆಯುತ್ತ, ಗುಟ್ಟನ್ನು ಎದೆಯಲ್ಲಿಟ್ಟುಕೊಂಡು ಸತ್ತ. ಅವಳಿಗೂ ಹೇಳಲಿಲ್ಲ. ಚೀಲ ಅವಳ ಕೈಗೆ ಬಂದ ಮೊದಲ ಸೋಮವಾರವೇ ತಾಯಮ್ಮನ ಕಲ್ಲು ಮತ್ತೆ ಬಂತು. ಮೂರು ವರ್ಷದಿಂದ ಬರುತ್ತಲೇ ಇತ್ತು. ಅವಳ ಕೈಯಿಂದ.

ಹೊರಗೆ ಬಿಸಿಲು ತಗಡನ್ನು ಟಪ್ ಟಪ್ ಎನಿಸುತ್ತಿತ್ತು. ನಾಲ್ಕು ಗಂಟೆಗೆ ಒಂದು ಮಾತು, "ಹಚ್ಚವ್ವ ಬಣ್ಣ" ಎಂದರೆ ಮುಗಿಯಿತು. ಗೋಡೆ ಹಸಿರಾಗುತ್ತದೆ, ಓದಿದ್ದು ಅಳಿಸುತ್ತದೆ, ಯಂಕೋಬ ಯಂಕೋಬನಾಗಿ ಉಳಿಯುತ್ತಾನೆ. ಹರಳನ್ನು ಯಾವುದೋ ನೆವ ಹೇಳಿ ಬದಲಿಸಬಹುದು. ಯಾರಿಗೆ ಗೊತ್ತಾಗಬೇಕು? 

*

ಯಂತ್ರ ತಣ್ಣಗಾಗುವ ಮೊದಲೇ ಅವಳು ಚೀಲ ಹಿಡಿದುಕೊಂಡು ಪಡುವಣ ತುದಿಗೆ ನಡೆದಳು. ಆ ವಾರವೂ ಅಲ್ಲಿ ನಿಂತಿದ್ದದ್ದು ತಾಯಮ್ಮನ ಬಸ್ಸೇ. ತಾಯಮ್ಮ ಹೊರಗೆ, ಹೊಸ ನೀಲಿಯ ಮುಂದೆ, ಬಿಸಿಲಿನಲ್ಲೇ ನಿಂತು ಗೋಡೆಯನ್ನು ಅಂಗೈಯಿಂದ ಸವರುತ್ತಿದ್ದಳು. ಮೇಲೆ, ಕೆಳಗೆ, ಮತ್ತೆ ಮೇಲೆ. ಫರ್ಹಾನಾ ಪರದೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ಏನ್ ಹುಡುಕಾಕತ್ತೀದಿ ತಾಯಿ?" ಎಂದಳು ಹುಲಿಗೆಮ್ಮ.

"ಇಲ್ಲೇ ಇತ್ತಕ್ಕ. ಗೋಣಿಚೀಲ ಕಟ್ತಿದ್ನಲ್ಲ ಅವ್ನು, ಒದ್ದಿ ಮಾಡಿ. ಅದರ ಗುರುತು. ದಿನಾ ಮುಂಜಾನಿ ಮುಟ್ಟಿ, ಮ್ಯಾಲ ಚೀಲ ಕಟ್ಟಿ ಕೆಲ್ಸಕ್ಕ ಹೋಗ್ತಿದ್ದೆ. ಬಣ್ಣ ಬರ್ತೈತಿ ಅಂದ್ರು... ಅದೂ ಹೋಗ್ತೈತಿ ಅಂತ ನಂಗ ತಿಳೀಲಿಲ್ಲ."

ಮಾನಪ್ಪ ಒದ್ದೆ ಗೋಣಿಚೀಲವನ್ನು ಪ್ರತಿ ಮಧ್ಯಾಹ್ನ ಆ ಗೋಡೆಗೆ ತೂಗುಹಾಕುತ್ತಿದ್ದ. ತಗಡು ಕೊಂಚವಾದರೂ ತಣಿಯಲಿ ಎಂದು. ಚೀಲದ ಹಿಂದಿನ ಬಣ್ಣಕ್ಕೆ ಬಿಸಿಲು ತಾಕಿರಲಿಲ್ಲ. ಆ ಚೌಕವೊಂದೇ ಅವನು ತನ್ನ ಪಾಲಿನ ಬಿಸಿಲಿನೊಡನೆ ಹೋರಾಡಿದ್ದಕ್ಕೆ ಉಳಿದಿದ್ದ ಸಾಕ್ಷಿ.

ಹುಲಿಗೆಮ್ಮ ನೆಲದ ಮೇಲೆ ಕುಳಿತು ಹನ್ನೆರಡು ಕಲ್ಲು ಸುರಿದಳು. ತಾಯಮ್ಮನ ಗರಗು ಕಲ್ಲಿನ ಪಕ್ಕ ತನ್ನ ಹರಳನ್ನಿಟ್ಟಳು. ಎಲ್ಲ ಹೇಳಿದಳು. ಒಂಬತ್ತು ವಾರವನ್ನು ಒಂಬತ್ತು ಎಂದೇ ಹೇಳಿದಳು, ನೂರಾ ಎಂಬತ್ತನ್ನು ನೂರಾ ಎಂಬತ್ತು ಎಂದೇ. ಗಂಡನ ಬೆರಳಿನ ವಿಷಯವನ್ನೂ ಹೇಳಿದಳು. 

ತಾಯಮ್ಮ ತನ್ನ ಕಲ್ಲನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು.

"ಅವ್ನು ಕುಡಿದು ಸತ್ತ ಅಂದ್ರಿ," ಎಂದಳು. "ಉಳಿದೋರೂ ಅಲ್ಲೇ ನಿಂತಾರ, ಯಾರೂ ಸತ್ತಿಲ್ಲ, ಇವ್ನಿಗೇ ತಾಕತ್ತಿಲ್ಲ ಅಂದ್ರಿ. ನಾನೂ ನಂಬೀದ್ನಲ್ಲ ಅಕ್ಕಾ. ಹೆಣದ ಮುಂದ ಕುಂತು ಅವ್ನ್ನ ಬೈದೆ."

ಹುಲಿಗೆಮ್ಮ ಉಳಿದ ಕಲ್ಲುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದಳು. ತಾಯಮ್ಮ ಗೋಡೆಯ ಕಡೆ ತಿರುಗಿದಳು.

"ಪಾಪ ಅಂತ ನನ್ನ ಬಸ್ಸಿಗೆ ಮೊದ್ಲ ಬಣ್ಣ ಹಾಕ್ಸಿದಿ. ಉಳಿದಿದ್ದ ಅದೊಂದನ್ನೂ ಅಳಸಿದಿ."

ಫರ್ಹಾನಾ ಪರದೆಯನ್ನು ತಾಯಮ್ಮನ ಮುಂದೆ ಹಿಡಿದಳು. ಅದರಲ್ಲಿ ಗೋಡೆ ಇನ್ನೂ ಮಾಸಿತ್ತು. ನಡುವೆ ಚೌಕ, ಕಟ್ಟಿದ ಹಗ್ಗದ ಎರಡು ಗೆರೆಗಳೂ ಇದ್ದವು. ತಾಯಮ್ಮ ಗಾಜನ್ನು ಮುಟ್ಟಿ ಕೈ ಹಿಂದೆಳೆದುಕೊಂಡಳು. ಅದು ನುಣ್ಣಗಿತ್ತು.

"ಇದನ್ನ ವಾಪಸ್ ಗ್ವಾಡಿಮ್ಯಾಲ ಹಾಕಾಕ ಬರ್ತೈತೇನ್ರಿ?"

"ಬಣ್ಣ ಬರಿಸೋ ಮಿಷನ್ನು ಮಾಡೀನಮ್ಮಾ. ಮಾಸೋ ಮಿಷನ್ನು ಮಾಡಿಲ್ಲ. ಅದಕ್ಕ ಬಿಸಿಲ ಬೇಕು. ಹನ್ನೊಂದು ವರ್ಸ ಬೇಕು."

ಹುಲಿಗೆಮ್ಮ ತನ್ನ ಬಸ್ಸಿಗೆ ಬಣ್ಣ ಬೇಡವೆಂದಳು. ಮರುದಿನ ಸಾಲಿನವರನ್ನೆಲ್ಲ ಕೂಡಿಸಿ ಕಲ್ಲಿನ ಮಾತನ್ನೆಲ್ಲ ಇದ್ದಷ್ಟೇ ಉದ್ದಕ್ಕೆ ಹೇಳಿದಳು. ಟ್ರ್ಯಾಕ್ಟರ್ ತರಿಸಿ ತನ್ನ ಬಸ್ಸನ್ನು ಎಳೆಸಿ, ತಾಯಮ್ಮನದಕ್ಕೂ ಆಚೆ, ಪಡುವಣ ತುದಿಗೆ ನಿಲ್ಲಿಸಿದಳು. ಇನ್ನು ಸಾಯುವತನಕ ಅಲ್ಲೇ ಎಂದಳು.

ಆ ಮಧ್ಯಾಹ್ನ ತಾಯಮ್ಮ ಗೋಣಿಚೀಲವನ್ನು ಒದ್ದೆ ಮಾಡಿ ನೀಲಿ ಗೋಡೆಗೆ ಕಟ್ಟಿದಳು. ಗೋಡೆ ತಣ್ಣಗಿತ್ತು. ಹುಲಿಗೆಮ್ಮನ ಬಸ್ಸಿನ ನೆರಳು ಅದರ ಮೇಲೆ ಪೂರಾ ಬಿದ್ದಿತ್ತು. ತಾಯಮ್ಮ ಬಂದು ಹುಲಿಗೆಮ್ಮನ ಬಾಗಿಲಲ್ಲಿ ನಿಂತಳು.

"ಅಕ್ಕಾ, ಬಸ್ಸು ತಗಿ."

"ಯಾಕ ತಾಯಿ? ನೆರಳಾಗ್ತೈತಿ ನಿನಗ."

"ನೆರಳು ಬ್ಯಾಡ. ಬಿಸಿಲು ಬಿಡು. ಗುರುತು ಬೀಳ್ಬೇಕು."

ಹುಲಿಗೆಮ್ಮ ಅತ್ತಳು, ಬೈದಳು, ಕಾಲು ಹಿಡಿಯಲು ಬಗ್ಗಿದಳು. ತಾಯಮ್ಮ ಬಾಗಿಲು ಬಿಟ್ಟು ಕದಲಲಿಲ್ಲ. ಸಂಜೆಯೊಳಗೆ ಟ್ರ್ಯಾಕ್ಟರ್ ಮತ್ತೆ ಬಂತು.

*

ಆ ಸಾಲಿನಲ್ಲಿ ಈಗ ಕಲ್ಲುಗಳಿಲ್ಲ. ಹುಲಿಗೆಮ್ಮ ತಕ್ಕಡಿಯಲ್ಲಿ ತೂಗಿ, ಒಂದೇ ಅಚ್ಚಿನಲ್ಲಿ ಒತ್ತಿ, ಸುಟ್ಟ ಹನ್ನೊಂದು ಮಣ್ಣಿನ ಗುಂಡುಗಳಿವೆ. ಹನ್ನೆರಡನೆಯದು ಬೇಕಾಗಲಿಲ್ಲ. ತಾಯಮ್ಮ ಯಾರ ಕೈಗೂ ಕಾಯದೆ ಪಡುವಣದಲ್ಲೇ ನಿಂತಿದ್ದಾಳೆ; ಅವಳ ಪಕ್ಕದ ಜಾಗಕ್ಕೆ ಮಾತ್ರ ಗುಂಡು ತೆಗೆಯುತ್ತಾರೆ. ಎರಡು ಬೇಸಿಗೆ ಕಳೆದಿವೆ. ಹಗ್ಗದ ಗೆರೆ ಸಣ್ಣಗೆ ಕಾಣುತ್ತದೆ ಎನ್ನುತ್ತಾಳೆ. ಬೇರೆಯವರಿಗೆ ಇನ್ನೂ ಕಾಣುವುದಿಲ್ಲ. ಹುಲಿಗೆಮ್ಮ ಮಾತ್ರ, "ಹೌದವ್ವ, ಕಾಣ್ತೈತಿ" ಎನ್ನುತ್ತಾಳೆ. ದಿನಾ ಹನ್ನೆರಡಕ್ಕೆ ಒಂದು ಕೊಡ ನೀರು ಹೊತ್ತು ಹೋಗಿ ಆ ಗೋಣಿಚೀಲಕ್ಕೆ ಸುರಿದು ಬರುತ್ತಾಳೆ. ತಾಯಮ್ಮ ಬೇಡ ಎಂದಿಲ್ಲ. ಬಾ ಎಂದೂ ಅಂದಿಲ್ಲ.

ಫರ್ಹಾನಾ ಎರಡು ಗೋಡೆಗಳ ಓದನ್ನು ಅಳಿಸದೆ ಇಟ್ಟುಕೊಂಡಳು, ಕೆಲಸ ಕಳೆದುಕೊಂಡಳು. ಯಂತ್ರ ಮಾತ್ರ ಬಲು ಬೇಗ ಹಬ್ಬಿತು. ಬಸ್ಸು, ಶೆಡ್ಡು, ಶಾಲೆಯ ಗೋಡೆ, ಕೂಲಿಗಳ ಸಾಲುಮನೆ, ಎಲ್ಲಕ್ಕೂ ಈಗ ಅದೇ. ಮೊದಲಿನದಕ್ಕಿಂತ ಹಗುರ, ಮೊದಲಿನದಕ್ಕಿಂತ ಚುರುಕು. ಒಂದೇ ವ್ಯತ್ಯಾಸ: ಹೊಸ ಯಂತ್ರಕ್ಕೆ ಪರದೆ ಇಲ್ಲ. ಓದುವುದನ್ನು ಅದು ತನ್ನೊಳಗೇ ಓದಿ, ತನ್ನೊಳಗೇ ಅಳಿಸಿ, ಬಣ್ಣವನ್ನಷ್ಟೇ ಕೊಡುತ್ತದೆ.

ನೀವು ಇದನ್ನು ಓದುತ್ತಿರುವ ಹೊತ್ತಿಗೆ ಆ ಯಂತ್ರ ಬರಲು ಇನ್ನೂ ಕೆಲವು ದಶಕಗಳಿವೆ. ಅಲ್ಲಿಯತನಕ ನಮ್ಮ ನಿಮ್ಮ ಬೀದಿಯ ತುದಿಯಲ್ಲೂ ತಗಡಿನ ಗೋಡೆಗಳು ಮಾಸುತ್ತಿವೆ, ಓದಬಲ್ಲವರು ಯಾರೂ ಇಲ್ಲದೆ. ಮಧ್ಯಾಹ್ನ ಮೂರಕ್ಕೆ ಒಮ್ಮೆ ಅಂಥ ಒಂದು ಗೋಡೆಯ ಮೇಲೆ ಅಂಗೈ ಇಟ್ಟು ನೋಡಬೇಕು. ಆಚೆ ಬದಿಗೆ ಯಾರೋ ತಲೆ ಆನಿಸಿ ಕುಳಿತಿರುತ್ತಾರೆ.